ಮಾಮಿಯ ಬಾಯಿಗೆ ಬಾಡಿಗೆ ದನಿ

1999ರ ಆಗಸ್ಟ್ ತಿಂಗಳ ಎರಡನೇ ಶುಕ್ರವಾರ, ಕನ್ನಡದ ಒಬ್ಬ ನಟ ನಿರ್ದೇಶಿಸಿದ್ದ ಮೊದಲ ಚಿತ್ರವನ್ನು ಬೆಂಗಳೂರಿನ ಮುಖ್ಯ ಚಿತ್ರಮಂದಿರದಿಂದ ತೆಗೆದರು. ಬಿಡುಗಡೆಯಾಗಿ ಎರಡು ವಾರವಾಗಿತ್ತು. ಆ ಸುದ್ದಿಯನ್ನು ನಾನು ಚೆನ್ನೈನಲ್ಲಿ ಕೂತು ನಾಲ್ಕು ಸಾಲಿನಲ್ಲಿ ಬರೆದೆ. ನಮ್ಮ ವಾಹಿನಿ ಕನ್ನಡದ್ದಾದರೂ ಕಚೇರಿ ಚೆನ್ನೈನಲ್ಲಿತ್ತು. ಬೆಂಗಳೂರಿನಿಂದ ಫ್ಯಾಕ್ಸ್‌ನಲ್ಲಿ ಬಂದ ಸುದ್ದಿಯನ್ನು ಇಲ್ಲಿ ತಿದ್ದಿ, ಇಲ್ಲೇ ಓದಿಸುತ್ತಿದ್ದೆವು.

ಒಂದು ತಿಂಗಳ ಬಳಿಕ ಆ ನಟ ನಮ್ಮ ಕಚೇರಿಗೆ ಬಂದರು. ಸುದ್ದಿ ವಿಭಾಗದ ಬಾಗಿಲಲ್ಲಿ ನಿಂತು, ಯಾರನ್ನೂ ನಿರ್ದಿಷ್ಟವಾಗಿ ನೋಡದೆ ಕೇಳಿದರು.

"ಆ ನಾಲ್ಕು ಸಾಲು ಬರ್ದವ್ರು ಯಾರ್ರೀ?"

"ನಾನು," ಎಂದೆ.

"ಮೂರು ಸಾಲಿನಾಗ ಮುಗೀತಿತ್ತಲ್ರಿ ಅಕ್ಕಾರ. ಕಡೀ ಸಾಲಿನಾಗ ಸಂಗೀತ ಚಲೋ ಐತಿ ಅಂತ ಬರ್ದೀರಿ. ಅದನ್ನ ಕೇಳಿ ನಮ್ಮ ಸಂಗೀತದವ, ಸಿನಿಮಾ ಬಿದ್ದದ್ದು ನನ್ನಿಂದಲ್ಲ ಅಂತ ಊರೆಲ್ಲಾ ಹೇಳ್ಕೋತ ತಿರಗ್ಯಾನ."

ಅವರಿಗೆ ಆಗ ನಲವತ್ತು ದಾಟಿತ್ತು. ನಾನು ಅವರಿಗಿಂತ ಹತ್ತು ವರ್ಷ ಚಿಕ್ಕವಳು. ಆದರೂ ಅಂದಿನಿಂದ ನಾನು ಅವರಿಗೆ ಅಕ್ಕಾರೇ ಆದೆ. ವಿಜಾಪುರದ ಕಡೆಯವರು, ಅಲ್ಲಿ ಶಾಲೆ ಕಲಿಸುವ ಹೆಂಗಸರನ್ನು ಹಾಗೆ ಕರೆಯುತ್ತಾರೆ. ನಾನು ತಪ್ಪು ತಿದ್ದುವ ಕೆಲಸದವಳೆಂಬುದು ಅವರಿಗೆ ಸಾಕಾಗಿರಬೇಕು.

ಅವರ ಅಲ್ಲಿಯವರೆಗಿನ ದಾಖಲೆ ಹೀಗಿತ್ತು. ಹವ್ಯಾಸಿ ನಾಟಕ ತಂಡದಿಂದ ಸಿನಿಮಾಕ್ಕೆ ಬಂದರು. ಮೊದಲು ಖಳನಾಯಕನ ತಮ್ಮ, ಆಮೇಲೆ ನಾಯಕನ ಗೆಳೆಯ, ನಡುವೆ ಎರಡು ಚಿತ್ರಗಳಲ್ಲಿ ನಾಯಕ. ಮೊದಲ ಎರಡು ಚಿತ್ರಗಳಲ್ಲಿ ಅವರ ಪಾತ್ರಕ್ಕೆ ಬೇರೆಯವರು ದನಿ ಕೊಟ್ಟಿದ್ದರು, ಏಕೆಂದರೆ ಅವರ ಮಾತು ವಿಜಾಪುರದ ಕಡೆಯದು ಎಂದು ನಿರ್ಮಾಪಕರು ಒಪ್ಪಿರಲಿಲ್ಲ. ಮೂರನೆಯ ಚಿತ್ರದಿಂದ ಅವರೇ ಮಾತಾಡಿದರು. ಡಬ್ಬಿಂಗ್‌ಗೆಂದು ಚೆನ್ನೈಗೆ ವರ್ಷಕ್ಕೆ ನಾಲ್ಕಾರು ಸಲ ಬಂದುಹೋಗುತ್ತಿದ್ದುದರಿಂದ ವಡಪಳನಿಯ ಪ್ರತಿ ಧ್ವನಿಮುದ್ರಣ ಕೊಠಡಿಯ ಕಾವಲುಗಾರನೂ ಅವರಿಗೆ ಗೊತ್ತಿದ್ದ. ತಾವೇ ನಿರ್ದೇಶಿಸಿದ ಚಿತ್ರ ಬಿದ್ದ ಮೇಲೆ ಯಾರೂ ಕರೆಯಲಿಲ್ಲ. ಆ ವರ್ಷ ಕೈಯಲ್ಲಿ ಬೇರೆ ಕೆಲಸವಿಲ್ಲ ಎಂದು ಅವರೇ ಹೇಳಿದರು, ದನಿ ತಗ್ಗಿಸದೆ, ಕಚೇರಿಯ ಕ್ಯಾಂಟೀನಿನಲ್ಲಿ.

ಅವರು ಬಂದದ್ದು ಒಂದು ಕಾರ್ಯಕ್ರಮದ ಯೋಚನೆ ಹಿಡಿದು. ವಾರಕ್ಕೊಂದು ಮನೆಯವರನ್ನು ಕರೆಯುವುದು, ಸಿನಿಮಾದವರನ್ನಲ್ಲ. ಆ ಮನೆಯಲ್ಲಿ ನಡೆದ ಒಂದು ಜಗಳ, ಅದು ಮುಗಿದ ಬಗೆ. ಮೊದಲು ಗಂಡ ಹೇಳುತ್ತಾನೆ, ಹೆಂಡತಿ ಹೊರಗೆ ಕೂತಿರುತ್ತಾಳೆ. ಆಮೇಲೆ ಹೆಂಡತಿ ಬಂದು ಅದೇ ಜಗಳವನ್ನು ಹೇಳುತ್ತಾಳೆ. ಕಾರ್ಯಕ್ರಮ ವಿಭಾಗದ ಮುಖ್ಯಸ್ಥರು, ಮೈಸೂರಿನವರು, ಒಪ್ಪಿಗೆ ಕೊಟ್ಟರು. ಅದಕ್ಕೊಂದು ಷರತ್ತಿತ್ತು. ಮೊದಲ ನಾಲ್ಕು ಕಂತು ಪ್ರಸಾರವಾಗಬೇಕು; ನಾಲ್ಕನೆಯದರ ಮರುದಿನ ಕೂತು, ಮುಂದುವರಿಸುವುದೋ ನಿಲ್ಲಿಸುವುದೋ ತೀರ್ಮಾನ. ನಿಂತರೆ ಆ ಭಾನುವಾರದ ಹೊತ್ತಿಗೆ ಹಳೆಯ ಚಿತ್ರಗೀತೆಗಳು.

ಬರವಣಿಗೆಗೆ ನನ್ನನ್ನು ಸುದ್ದಿಯಿಂದ ಎರವಲು ಪಡೆದರು. ಮನೆಗಳನ್ನು ಹುಡುಕುವುದೂ ನನ್ನ ಪಾಲಿಗೆ ಬಂತು. ಮೊದಲ ನಾಲ್ಕು ಕಂತಿಗೆ ಕರ್ನಾಟಕದಿಂದ ಜನರನ್ನು ಕರೆತರುವಂತಿರಲಿಲ್ಲ. ಚೆನ್ನೈನ ಕನ್ನಡದವರೇ ಆಗಬೇಕಿತ್ತು.

ನಾನು ಬೆಸೆಂಟ್ ನಗರದಲ್ಲಿ ಒಂದು ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗಿನ ಮನೆಯಲ್ಲಿ ಮಾಲೀಕರು. ಇಡೀ ಕಟ್ಟಡ ಅವರನ್ನು ಮಾಮಾ, ಮಾಮಿ ಎನ್ನುತ್ತಿತ್ತು, ನಾನೂ ಅನ್ನುತ್ತಿದ್ದೆ. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿದ್ದ ವೈಷ್ಣವ ಮನೆತನ. ಮಾಮಾ ವಿಮಾ ಕಚೇರಿಯಿಂದ ನಿವೃತ್ತರು. ಮನೆಯಲ್ಲಿ ಕನ್ನಡವೇ, ಆದರೆ ಅದರಲ್ಲಿ ತಮಿಳು ಎಲ್ಲಿ ಮುಗಿಯುತ್ತದೆಂದು ಗೆರೆ ಎಳೆಯುವುದು ಸಾಧ್ಯವಿರಲಿಲ್ಲ. ಮಗಳು ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರಿಸುವಳು.

ಅವರ ಜಗಳ ನನಗೆ ಮೊದಲೇ ಗೊತ್ತಿತ್ತು, ಏಕೆಂದರೆ ಅದು ಇನ್ನೂ ಪೂರ್ತಿ ಮುಗಿದಿರಲಿಲ್ಲ. ಮದುವೆಯಾದಾಗಿನಿಂದ ಅವರು ಚೆನ್ನೈನ ಹಳೆಯ ಬಡಾವಣೆ ತಿರುವಲ್ಲಿಕ್ಕೇಣಿಯಲ್ಲಿ, ಗುಡಿಯ ಪಕ್ಕದ ಬೀದಿಯಲ್ಲಿದ್ದವರು. ನಿವೃತ್ತಿಯ ವರ್ಷ ಮಾಮಾ, ಮಾಮಿಗೆ ಒಂದು ಮಾತೂ ಹೇಳದೆ, ಕಡಲ ಬಳಿಯ ಈ ಮನೆಗೆ ಸಹಿ ಹಾಕಿ ಬಂದಿದ್ದರು.

"ಟೀವಿಯಲ್ಲಿ ಹೇಳ್ತೀರಾ?" ಎಂದು ಕೇಳಿದೆ.

"ಹೇಳೋದಕ್ಕೇನು? ಬೀದಿಗೆಲ್ಲ ತೆರಿಯುಮ್," ಎಂದರು ಮಾಮಿ. ಬೀದಿಗೆಲ್ಲ ಗೊತ್ತು ಎಂದು ಅರ್ಥ.

ಸ್ಟುಡಿಯೋದಲ್ಲಿ ಮಾಮಾ ಮೊದಲು ಕೂತರು. ವಿಮಾ ಕಚೇರಿಯ ಕ್ರಮದಲ್ಲಿ ಕಾರಣಗಳನ್ನು ಒಂದು, ಎರಡು, ಮೂರು ಎಂದು ಕೊಟ್ಟರು. ಆಮೇಲೆ ಮಾಮಿ ಬಂದರು. ಮೈಸೂರು ರೇಷ್ಮೆ ಸೀರೆ ಉಟ್ಟಿದ್ದರು, ದೀಪದ ಬಿಸಿಗೆ ಬೆವರುತ್ತಿದ್ದರು, ಹೆದರಿರಲಿಲ್ಲ. "ರೊಂಬ ಕೋಪ ಬಂತು. ನಲವತ್ತು ವರ್ಷ ಇದ್ದ ಮನೆ ಕೇಳದೆ ಬಿಟ್ರೆ ಯಾರಿಗೆ ಬರೋಲ್ಲ ಹೇಳಿ. ಇಲ್ಲಿಗೆ ಬಂದು ಒಂದು ತಿಂಗಳು ಅಡಂ ಹಿಡಿದೆ. ಆ ಕಡಲ ಕಡೆ ಮುಖವೇ ತಿರುಗಿಸ್ಲಿಲ್ಲ. ಅಪ್ಪುರಂ ಏನು ಮಾಡೋದು, ಇದ್ದೀನಿ." ರೊಂಬ ಎಂದರೆ ಬಹಳ, ಅಡಂ ಎಂದರೆ ಹಟ, ಅಪ್ಪುರಂ ಎಂದರೆ ಆಮೇಲೆ.

ನಟರು ಆ ದಿನ ವಾರ್ತಾವಾಚಕರ ಕನ್ನಡದಲ್ಲಿ ಪ್ರಶ್ನೆ ಕೇಳಿದರು. ನಾನು ಬರೆದುಕೊಟ್ಟದ್ದೇ ಆ ಕನ್ನಡ. ಅವರ ಬಾಯಲ್ಲಿ ಅದು ಹೊಸ ಚಪ್ಪಲಿಯಂತೆ ಕಚ್ಚುತ್ತಿತ್ತು.

ಮುಖ್ಯಸ್ಥರು ಕ್ಯಾಸೆಟ್ ನೋಡಿದರು. ಹತ್ತು ನಿಮಿಷಕ್ಕೆ ನಿಲ್ಲಿಸಿದರು.

"ಕಥೆ ಚೆನ್ನಾಗಿದೆ. ಆದರೆ ಇದು ಯಾವ ಕನ್ನಡ ಸ್ವಾಮಿ? ರಾಯಚೂರಲ್ಲಿ, ಚಾಮರಾಜನಗರದಲ್ಲಿ ಯಾರಿಗೆ ಅರ್ಥವಾಗತ್ತೆ? ನಾಳೆ ಪತ್ರಿಕೆಯವರು ನನ್ನನ್ನ ಸುಮ್ಮನೆ ಬಿಡ್ತಾರಾ?"

"ಡಬ್ ಮಾಡೋಣ್ರಿ," ಎಂದರು ನಟರು, ಒಂದು ಕ್ಷಣವೂ ಯೋಚಿಸದೆ.

ಈ ಉಪಾಯ ಬೇರೆ ಊರಿನಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ. ಚೆನ್ನೈನಲ್ಲಿ ಅದು ಎಲ್ಲಕ್ಕಿಂತ ಸಹಜವಾದ ಮಾತು. ಅಲ್ಲಿ ನಟಿಯರಿಗೆ ದನಿ ಬೇರೆ, ಮಕ್ಕಳಿಗೆ ಬೇರೆ, ಸಾಯುವವನ ನರಳಾಟಕ್ಕೂ ಬೇರೆ ಜನ. ಇಪ್ಪತ್ತು ವರ್ಷ ಸಿನಿಮಾದಲ್ಲಿದ್ದವರಿಗೆ, ತೆರೆಯ ಮೇಲಿನ ಬಾಯಿಗೆ ಆಮೇಲೆ ಮಾತು ಕೂರಿಸುವುದು ಅಡುಗೆಗೆ ಒಗ್ಗರಣೆ ಹಾಕಿದಂತೆ. ನಿಜವಾದ ಗಂಡಹೆಂಡಿರಿಗೂ ಹಾಗೆ ಮಾಡಬಹುದೇ ಎಂಬ ಪ್ರಶ್ನೆ ಆ ಕೋಣೆಯಲ್ಲಿ ಏಳಲಿಲ್ಲ.

ಎತ್ತಬೇಕಾಗಿದ್ದವಳು ನಾನು. ಸುದ್ದಿಮನೆಯಲ್ಲಿ ನನಗೆ ಕಲಿಸಿದ ಮೊದಲ ನಿಯಮ, ಬೇರೆಯವರು ಆಡಿದ ಮಾತಿನೊಳಗೆ ಕೈ ಹಾಕಬಾರದು. ಆದರೂ ಇದು ಅನುವಾದ ಎಂದುಕೊಂಡೆ. ಎರಡು ದಿನ ಕೂತು ಮಾಮಾ ಮಾಮಿಯರ ಮಾತನ್ನೆಲ್ಲ ಅಚ್ಚುಕಟ್ಟಾದ ಕನ್ನಡಕ್ಕೆ ತಂದೆ. ತುಟಿಯ ಅಳತೆಗೆ ಮಾತು ಹೊಂದಬೇಕಿತ್ತು, ಹೀಗಾಗಿ ಕೆಲವೆಡೆ ಅರ್ಥವೂ ಬದಲಾಯಿತು. ಕಡಲ ಕಡೆ ಮುಖ ತಿರುಗಿಸದ ಆ ಸಾಲು ನನ್ನ ಕೈಯಲ್ಲಿ "ಮೊದಲು ಸ್ವಲ್ಪ ಬೇಸರವಾಯಿತು, ಕ್ರಮೇಣ ಹೊಂದಿಕೊಂಡೆ" ಎಂದಾಯಿತು.

ಡಬ್ಬಿಂಗ್ ದಿನ ಆ ನಟರ ಕಸುಬು ಏನೆಂದು ನೋಡಿದೆ. ಮಾಮಾಗೆ ದನಿ ಕೊಡಲು ಬಂದವರು ಚಿತ್ರಗಳಲ್ಲಿ ಪೊಲೀಸ್ ಅಧಿಕಾರಿಗಳಿಗೆ ದನಿಯಾಗುವವರು. ಮಾಮಿಗೆ ಬಂದವರು ನಾಯಕಿಯ ತಾಯಂದಿರ ಕಾಯಂ ದನಿ. ನಟರು ಗಾಜಿನ ಈಚೆ ನಿಂತು, ಮಾಮಿ ಎಲ್ಲಿ ಉಸಿರು ತೆಗೆದರು, ಎಲ್ಲಿ ತುಟಿ ಒಣಗಿತು, ಎಲ್ಲವನ್ನೂ ಬೆರಳಿನಲ್ಲಿ ತೋರಿಸುತ್ತಿದ್ದರು. ಸಂಜೆಯ ಹೊತ್ತಿಗೆ ತುಟಿಗೂ ಮಾತಿಗೂ ಕೂದಲಷ್ಟು ಅಂತರವಿರಲಿಲ್ಲ. ಮುಖ್ಯಸ್ಥರು ಎದ್ದು ಕೈ ಕುಲುಕಿದರು.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಮೊದಲ ಕಂತು. ನಾನು ಕೆಳಗಿನ ಮನೆಯಲ್ಲಿ ನೋಡಿದೆ. ಅಕ್ಕಪಕ್ಕದವರು ಬಂದಿದ್ದರು. ಮಾಮಿ ಎಲ್ಲರಿಗೂ ಕಾಫಿ ಕೊಟ್ಟು, ಕೊನೆಗೆ ಮಾಮಾನ ಪಕ್ಕದ ಕುರ್ಚಿಯಲ್ಲಿ ಕೂತರು.

ಮಾಮಾ ತೆರೆಯ ಮೇಲೆ ಬಾಯಿ ತೆರೆದರು. ಅಪರಾಧಿಯನ್ನು ಠಾಣೆಗೆ ಎಳೆದೊಯ್ಯುವ ಕಂಠ ಹೊರಬಂತು.

ಮೊದಲು ನಕ್ಕವಳು ಮಗಳು. "ಅಪ್ಪಾ, ಯಾರುಪ್ಪಾ ಇದು?"

"ನೆಗಡಿ ಇತ್ತೇನೋ ಅವತ್ತು," ಎಂದರು ಮಾಮಾ, ಗಂಭೀರವಾಗಿ.

"ನೆಗಡಿ ಬಂದ್ರೆ ನೀವು ಇನ್ಸ್‌ಪೆಕ್ಟರ್ ಆಗ್ತೀರಾ?" ಎಂದರು ಎದುರು ಮನೆಯವರು. ಮನೆಯೆಲ್ಲ ನಗು. ಮಾಮಾನೂ ನಕ್ಕರು, ಅವರಿಗೆ ಆ ಕಂಠ ಒಂದಿಷ್ಟು ಹಿಡಿಸಿದಂತೆಯೂ ಕಂಡಿತು.

ಆಮೇಲೆ ಮಾಮಿಯ ಸರದಿ. ನಗು ನಿಲ್ಲಲು ಸ್ವಲ್ಪ ಹೊತ್ತಾಯಿತು. ಮಾಮಿ ಕೊನೆಯವರೆಗೂ ಅಲ್ಲಾಡದೆ ನೋಡಿದರು. ಮುಗಿದ ಮೇಲೆ ನನ್ನ ಕಡೆ ತಿರುಗಿದರು.

"ಅವಳು ಯಾರು?"

"ದನಿ ಕೊಡೋರು ಮಾಮಿ. ನಿಮ್ಮ ಮಾತು ಎಲ್ಲರಿಗೂ ಅರ್ಥವಾಗ್ಲಿ ಅಂತ..."

"ಅರ್ಥ ಆಗ್ಲಿ. ನನ್ನ ಸೀರೆ ಉಟ್ಕೊಂಡು ಹೊಂದಿಕೊಂಡೆ ಅಂತ ಒಪ್ಪಿಕೊಂಡ್ಳಲ್ಲ, ಅದಕ್ಕೆ ಕೇಳ್ತಿದೀನಿ. ನಾನು ಯಾವಾಗ ಹೊಂದಿಕೊಂಡೆ?" ಲೋಟಗಳನ್ನು ಒಂದರೊಳಗೊಂದು ಇಟ್ಟು ಒಳಗೆ ಹೋದರು.

ಸೋಮವಾರ ನಟರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಆ ಸಾಲು ಬರೆದದ್ದು ನಾನು ಎಂಬುದನ್ನೂ ಸೇರಿಸಿದೆ. ಅವರು ಪೂರ್ತಿ ಕೇಳಿ, "ಆಟೋ ಕರೀರಿ," ಎಂದರು.

ಮಾಮಿ ಬಾಗಿಲು ತೆರೆದರು, ಕೂರಿ ಎಂದರು. ಕಾಫಿಯನ್ನೂ ತಂದರು. ನಟರು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಮಾಮಿಯದೇ ಪ್ರಶ್ನೆ ಬಂತು.

"ನಿಮ್ಮ ದನಿಯಾದ್ರೂ ನಿಮ್ಮದೇನಾ?"

"ಈಗ ನಂದ ರೀ. ಮೊದಲಿನ ಎರಡು ಸಿನಿಮಾದಾಗ ಅಲ್ಲ."

"ನಿಮಗೆ ಸರಿ ಅನ್ನಿಸ್ತಾ?"

"ಇಲ್ರೀ. ನಮ್ಮವ್ವ ಥಿಯೇಟರಿನಾಗ ಅರ್ಧಕ್ಕ ಎದ್ದು ಮನೀಗೆ ಬಂದಿದ್ಲು."

"ಅಷ್ಟು ತಿಳಿದೋರು ನನಗೆ ಹೀಗ್ಯಾಕೆ ಮಾಡಿದಿರಿ?"

ನಟರು ಕಾಫಿ ಕುಡಿದು ಮುಗಿಸಿ, "ತಪ್ಪಾತ್ರಿ. ಇನ್ನೊಮ್ಮೆ ಬರ್ರಿ. ನಿಮ್ಮ ಮಾತು ನಿಮ್ಮ ಬಾಯಾಗ ಹೋಗತೈತಿ, ಒಂದು ಅಕ್ಷರ ತಗಿಯೂದಿಲ್ಲ," ಎಂದರು.

"ಯೋಚಿಸ್ತೀನಿ," ಎಂದರು ಮಾಮಿ.

ಹಿಂದಿರುಗುವಾಗ ಆಟೋದಲ್ಲಿ ನಾನು ಲೆಕ್ಕಕ್ಕೆ ಬರುವ ವಿಷಯ ಹೇಳಿದೆ. ಡಬ್ ಮಾಡದಿದ್ದರೆ ಮುಖ್ಯಸ್ಥರು ಕಾರ್ಯಕ್ರಮ ನಿಲ್ಲಿಸಬಹುದು. ಆಗ ನಟರಿಗೆ ಸಿನಿಮಾವೂ ಇಲ್ಲ, ಟೀವಿಯೂ ಇಲ್ಲ.

"ಗೊತ್ತೈತಿ ಅಕ್ಕಾರ," ಎಂದರು. "ಆದ್ರ ಡಬ್ ಮಾಡಿದ್ರ ಆ ಕಾರ್ಯಕ್ರಮ ನಡಿಯೂದಿಲ್ಲ. ಮಂದಿ ಜಗಳ ನೋಡಾಕ ಕುಂದರತಾರ. ನಾವು ಜಗಳಾನ ತಗದು ಭಾಷಣ ಹಾಕಿದ್ವಿ."

ಮುಖ್ಯಸ್ಥರ ಕೋಣೆಯಲ್ಲಿ ಅವರ ವಾದ ಚಿಕ್ಕದಾಗಿತ್ತು. ಉಳಿದ ಮೂರು ಕಂತು ಮುಟ್ಟಬೇಡಿ. ನಾಲ್ಕನೆಯದರ ಮರುದಿನ ನೀವು ಏನು ಹೇಳಿದರೂ ಎದ್ದು ಹೋಗುತ್ತೇನೆ. ಮುಖ್ಯಸ್ಥರು ಅದನ್ನು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಂಡರು.

ಎರಡನೇ ಕಂತಿಗೆ ಚೆನ್ನೈನ ಉತ್ತರದ ಅಂಚಿನ ಎಣ್ಣೂರಿನಿಂದ ಒಂದು ಕುಟುಂಬ ಬಂತು. ಗಂಡ ಅಲ್ಲಿನ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದ ಕೋಲಾರದವರು, ಹೆಂಡತಿ ಮಂಡ್ಯದವರು. ಒಣಹಾಕಿದ ಬಟ್ಟೆಯ ಮೇಲೆ ದಿನವೂ ಕಲ್ಲಿದ್ದಲ ಬೂದಿ ಬೀಳುತ್ತದೆಂದು ಆಕೆ ಮನೆ ಬದಲಿಸಲು ಹಟ ಹಿಡಿದಿದ್ದರು. ಗಂಡ, ಬೂದಿ ಬೀಳದ ದಿನ ನನಗೆ ಸಂಬಳವೂ ಬೀಳುವುದಿಲ್ಲ ಎಂದು ವಾದಿಸಿದ್ದರು.

ಆ ದಿನ ನಟರು ನಾನು ಬರೆದ ಹಾಳೆಗಳನ್ನು ಮಡಿಸಿ ಜೇಬಿಗಿಟ್ಟರು. ತಮ್ಮ ವಿಜಾಪುರದ ಮಾತಿನಲ್ಲೇ ಕೇಳಿದರು. ಅತಿಥಿಯ ಬಾಯಲ್ಲಿ ತಮಿಳು ಬಂದಾಗ ತಡೆಯಲಿಲ್ಲ, ತಿದ್ದಲಿಲ್ಲ. ಮುಂದಿನ ಪ್ರಶ್ನೆಯೊಳಗೆ ಅದರ ಅರ್ಥವನ್ನು ಸೇರಿಸಿಬಿಟ್ಟರು. "ಕೊಂಜ ಬೂದಿ ಇದ್ರೆ ಪರವಾಗಿಲ್ಲ," ಎಂದು ಆಕೆ ಹೇಳಿದರೆ, "ಸ್ವಲ್ಪ ಅಂದ್ರ ಎಷ್ಟ್ರೀ? ಅಂಗಿ ಜಾಡಿಸಿದ್ರ ಹೋಗೂವಷ್ಟೋ, ಮತ್ತೊಮ್ಮೆ ಒಗಿಯೂವಷ್ಟೋ?" ಎನ್ನುವರು. ನೋಡುವವರಿಗೆ ಅರ್ಥವೂ ಆಯಿತು, ಮಾತೂ ನಿಲ್ಲಲಿಲ್ಲ. ಈ ವಿಧಾನವನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೂರನೇ ಕಂತಿಗೆ ಪೆರಂಬೂರಿನ ರೈಲ್ವೆ ಕುಟುಂಬ ಬಂದಾಗ ಅದು ಅವರಿಗೆ ಕೈಗೂಡಿತ್ತು.

ನಾಲ್ಕನೇ ಕಂತಿಗೆ ಇನ್ನೂ ಯಾರೂ ಸಿಕ್ಕಿರಲಿಲ್ಲ. ಚಿತ್ರೀಕರಣಕ್ಕೆ ಮೂರು ದಿನವಿರುವಾಗ ಮಾಮಿ ಮಹಡಿಯ ಮೆಟ್ಟಿಲ ಬುಡದಿಂದ ನನ್ನನ್ನು ಕೂಗಿದರು.

"ಬರ್ತೀನಿ ಅಂತ ಅವರಿಗೆ ಹೇಳು. ಆದ್ರೆ ಇವರು ಹೊರಗೆ ಕೂರಬಾರದು. ನನ್ನ ಎದುರಿಗೇ ಕೂತು ಕೇಳಬೇಕು."

ಕಾರ್ಯಕ್ರಮದ ರಚನೆಯೇ ಅದಕ್ಕೆ ವಿರುದ್ಧವಾಗಿತ್ತು. ನಟರಿಗೆ ಫೋನ್ ಮಾಡಿದೆ. "ಇನ್ನೊಂದು ಕುರ್ಚಿ ಹಾಕಸ್ರಿ," ಎಂದರು.

ಈ ಸಲ ಮಾಮಿ ನೂಲಿನ ಸೀರೆ ಉಟ್ಟು ಬಂದರು. ಮಾಮಾ ಕಾರಣಗಳ ಪಟ್ಟಿ ತೆಗೆಯುವ ಮೊದಲೇ ಅವರು ಶುರು ಮಾಡಿದರು.

"ಸಹಿ ಹಾಕೋ ಮುಂಚೆ ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬರ್ತಿದ್ದೆಯಾ?"

"ಬರ್ತಿರಲಿಲ್ಲ."

"ಅದಕ್ಕೇ ಹೇಳ್ಲಿಲ್ಲ."

ಕ್ಯಾಮೆರಾದವರೂ ನಕ್ಕರು. ಮಾಮಿ ನಗಲಿಲ್ಲ. "ಒಂದು ತಿಂಗಳು ಅಡಂ ಹಿಡಿದಿದ್ದೆ. ಅದು ಗೊತ್ತಿತ್ತಾ?"

"ಹಟ ಹಿಡಿದದ್ದು ಕಾಣ್ತಿತ್ತೇನ್ರಿ ನಿಮಗ?" ಎಂದು ನಟರು ಮಾಮಾನನ್ನು ಕೇಳಿದರು.

"ಗೊತ್ತಿತ್ತು," ಎಂದರು ಮಾಮಾ. "ಬೆಳಿಗ್ಗೆ ಬೀಚಿಗೆ ಒಬ್ಬನೇ ಹೋಗ್ತಿದ್ದೆ. ಬಾ ಅನ್ನೋಕೆ ಧೈರ್ಯ ಬರ್ತಿರಲಿಲ್ಲ."

ಇಲ್ಲಿ ಒಂದು ಪ್ರಶ್ನೆ ಕೇಳುವುದು ಯಾವ ನಿರೂಪಕನಿಗೂ ಸುಲಭವಿತ್ತು. ನಟರು ಕೇಳಲಿಲ್ಲ. ಗಲ್ಲದ ಮೇಲೆ ಕೈಯಿಟ್ಟು ಕೂತರು. ನಾನು ಗಡಿಯಾರ ನೋಡುತ್ತಿದ್ದೆ. ಟೀವಿಯ ಲೆಕ್ಕದಲ್ಲಿ ಅದು ಬಹಳ ದೊಡ್ಡ ಮೌನ. ಕೊನೆಗೆ ಮಾಮಿಯೇ ಮಾತಾಡಿದರು.

"ಕರೀಬೇಕಿತ್ತು. ಬರ್ತಿರಲಿಲ್ಲ, ಆದ್ರೂ ಕರೀಬೇಕಿತ್ತು."

ಕ್ಯಾಸೆಟ್‌ನಿಂದ ಆ ಮೌನವನ್ನು ಕತ್ತರಿಸಲು ಸಂಕಲನಕಾರ ಕೇಳಿದ. ನಟರು ಬಿಡಲಿಲ್ಲ. ಅದು ಹಾಗೆಯೇ ಪ್ರಸಾರವಾಯಿತು.

ಸೋಮವಾರ ಹನ್ನೊಂದಕ್ಕೆ ಮೂವರೂ ಕೂತೆವು. ಮೇಜಿನ ಮೇಲೆ ವೀಕ್ಷಕರ ಪತ್ರಗಳಿದ್ದವು, ಹೆಚ್ಚಿನವು ಪೋಸ್ಟ್ ಕಾರ್ಡುಗಳು. ಮುಖ್ಯಸ್ಥರು ಒಂದನ್ನು ಎತ್ತಿ ಓದಿದರು. ಕನ್ನಡದ ಕೊಲೆ ಎಂದಿತ್ತು. ಇನ್ನೊಂದು, ನಿರೂಪಕರನ್ನು ಮೊದಲು ಶಾಲೆಗೆ ಕಳಿಸಿ ಎಂದಿತ್ತು. ಮೆಚ್ಚಿದವೂ ಇದ್ದವು, ಅವನ್ನು ಮುಖ್ಯಸ್ಥರು ಬೇರೆಯಾಗಿ ಇಟ್ಟಿದ್ದರು.

"ಬೈದಿರೋದೇ ಜಾಸ್ತಿ," ಎಂದರು.

"ಬೈದವ್ರ ಹೆಸರು ನೋಡ್ರಿ," ಎಂದರು ನಟರು.

ನಾನು ಭಾನುವಾರವೇ ಆ ಕೆಲಸ ಮಾಡಿದ್ದೆ. ಎರಡನೇ ಕಂತಿಗೆ ಬೈದವರೇ ಮೂರನೆಯದಕ್ಕೂ ಬೈದಿದ್ದರು. ಪೋಸ್ಟ್ ಕಾರ್ಡುಗಳನ್ನು ಹೆಸರಿನ ಪ್ರಕಾರ ಜೋಡಿಸಿ ಮುಂದಿಟ್ಟೆ.

"ಬೈಯಾಕಾದ್ರೂ ಪ್ರತಿ ವಾರ ಕುಂತು ನೋಡ್ಯಾರಲ್ರಿ," ಎಂದರು ನಟರು. "ಮೊದಲನೇ ಕಂತಿಗೆ ಎಷ್ಟು ಪತ್ರ ಬಂದಾವು?"

ಒಂದು ಬಂದಿತ್ತು. ಪೊಲೀಸ್ ಕಂಠದವರ ವಿಳಾಸ ಕೇಳಿ ಬರೆದದ್ದು.

ಮುಖ್ಯಸ್ಥರು ಆ ಕಾರ್ಡನ್ನು ಎರಡು ಸಲ ಓದಿದರು. ನಟರು ಸಹಿ ಹಾಕಿದ್ದ ಹಾಳೆಯನ್ನು ಡ್ರಾಯರಿನಿಂದ ತೆಗೆದು, ಹಿಂಭಾಗದಲ್ಲಿ "ಮುಂದುವರಿಸಿ, ಎರಡೂ ಕುರ್ಚಿ ಇರಲಿ" ಎಂದು ಬರೆದು ನನ್ನ ಕಡೆ ತಳ್ಳಿದರು.

ಕಾರ್ಯಕ್ರಮ ಚೆನ್ನೈನಲ್ಲಿ ಎರಡು ವರ್ಷ ನಡೆಯಿತು. ಮೂರನೇ ತಿಂಗಳಿನಿಂದ ಕರ್ನಾಟಕದ ಕುಟುಂಬಗಳೂ ರೈಲು ಹತ್ತಿ ಬಂದವು. 2002ರಲ್ಲಿ ಚಿತ್ರೀಕರಣ ಬೆಂಗಳೂರಿಗೆ ಹೋಯಿತು. ನಾನು ಸುದ್ದಿ ವಿಭಾಗಕ್ಕೆ ಮರಳಿದೆ. 2005ರಲ್ಲಿ ಅವರು ಎರಡನೇ ಚಿತ್ರ ನಿರ್ದೇಶಿಸಿದರು. ಅದು ಏಳು ವಾರ ಓಡಿತು. ಆ ಸುದ್ದಿಯನ್ನು ಬರೆದದ್ದು ಬೇರೆಯವರು. 2008ರಲ್ಲಿ ಅವರು ಇನ್ನೊಂದು ವಾಹಿನಿಗೆ ಸೇರಿದರು. ಈಗ ಅವರ ಕಾರ್ಯಕ್ರಮ ಶನಿವಾರ ಸಂಜೆ ಏಳಕ್ಕೆ ಪ್ರಸಾರವಾಗುತ್ತದೆ, ಒಂದು ಗಂಟೆಯ ಅವಧಿ, ವೇದಿಕೆಯ ಮೇಲೆ ಮೂರು ಕುರ್ಚಿಗಳಿವೆ, ಗಂಡಹೆಂಡಿರಿಗೆ ಎರಡು, ಅವರಿಗೊಂದು.